ಕೂಗುಬಂಡೆಯ ಗಿಟಾರು

ನಮ್ಮ ಊರಿನಲ್ಲಿ ನುಣುಪಾದ ದನಿ ದೂರ ಹೋಗುವುದಿಲ್ಲ. ಬಾಯಿಂದ ಹೊರಟು ಒಂದು ಮಾರು ಸಾಗುವುದರೊಳಗೆ ನೆಲಕ್ಕೆ ಬಿದ್ದುಬಿಡುತ್ತದೆ. ಒಡಕು ದನಿ, ಗೊಗ್ಗರು ದನಿ, ಕೆಮ್ಮು, ಕಾಗೆಯ ಕೂಗು, ತುಕ್ಕು ಹಿಡಿದ ಬಾಗಿಲಿನ ಕಿರುಗುಟ್ಟು, ಇವು ಮಾತ್ರ ಕೆರೆ ದಾಟಿ ಆಚೆ ಕೇರಿಯನ್ನು ಮುಟ್ಟುತ್ತವೆ. ಗುಡಿಗೆ ಹೊಸ ಗಂಟೆ ತಂದರೆ ಮೊದಲು ಕಮ್ಮಾರನ ಹತ್ತಿರ ಒಯ್ದು ಅಂಚಿಗೆ ಒಂದು ಸೀಳು ಹಾಕಿಸುತ್ತಾರೆ. ಶಾಲೆಗೆ ಇಂಪಾದ ಗಂಟಲಿನ ಮೇಷ್ಟ್ರು ಬಂದರೆ ಮಕ್ಕಳನ್ನೆಲ್ಲ ತಮ್ಮ ಮೊಣಕಾಲಿನ ಸುತ್ತ ಕೂರಿಸಿಕೊಂಡು ಪಾಠ ಹೇಳುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡಲು ಬರುತ್ತದೆಯೇ ಎಂದು ಕೇಳುವುದಿಲ್ಲ, ಹೊಲದಲ್ಲಿರುವ ಗಂಡನನ್ನು ಊಟಕ್ಕೆ ಕೂಗಲು ಬರುತ್ತದೆಯೇ ಎಂದು ಕೇಳುತ್ತಾರೆ.

ನನ್ನನ್ನೂ ಹಾಗೆಯೇ ಕೇಳಿದರು. ಬರುವುದಿಲ್ಲ ಎಂದೆ. ನನ್ನ ಉತ್ತರ ಚಾಪೆಯ ಆಚೆ ಕೂತವರಿಗೆ ಮುಟ್ಟಲಿಲ್ಲ. ಆಗ ಹುಡುಗನ ತಾಯಿ ಗಿರಿಜವ್ವ ಎದ್ದು ಬಂದು ನನ್ನ ಪಕ್ಕದಲ್ಲೇ ಕೂತು, ಕಿವಿ ಹತ್ತಿರ ತಂದು, "ಈಗ ಹೇಳವ್ವ, ಏನಂದಿ?" ಎಂದರು. ಆ ಮನೆಗೆ ಹೋಗಲು ನನಗೆ ಅಷ್ಟು ಸಾಕಾಯಿತು.

ನನ್ನ ಹೆಸರು ಮಂದಾಕಿನಿ. ಮದುವೆಗೆ ಮುಂಚಿನಿಂದಲೂ ನಾನು ಊರಿನ ವಾದ್ಯಗೋಷ್ಠಿಯಲ್ಲಿ ಎಲೆಕ್ಟ್ರಿಕ್ ಗಿಟಾರು ಬಾರಿಸುತ್ತಿದ್ದೆ. ಹಾರ್ಮೋನಿಯಮ್ಮಿನ ಸೀಳು ದನಿ, ಡೋಲಿನ ಗದ್ದಲ ಚಪ್ಪರದ ಕೊನೆಯವರೆಗೂ ಹೋಗುತ್ತಿದ್ದವು. ನನ್ನ ಗಿಟಾರಿನದು ತೊಳೆದಿಟ್ಟ ಗಾಜಿನಂಥ ದನಿ; ಆಂಪ್ಲಿಫೈಯರನ್ನು ಎಷ್ಟು ಏರಿಸಿದರೂ ಮುಂದಿನ ಸಾಲು ದಾಟುತ್ತಿರಲಿಲ್ಲ. ಅದರ ಬಗ್ಗೆ ನನಗೆ ದುಃಖವೇನೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಯಾವಾಗಲೂ ಮುದುಕಿಯರು ಕೂರುತ್ತಿದ್ದರು. ಅವರು ಎಲೆ ಅಡಿಕೆ ಮೆಲ್ಲುತ್ತ ತಲೆದೂಗಿದರೆ ನನ್ನ ಸಂಜೆ ಸಾರ್ಥಕವಾಗುತ್ತಿತ್ತು.

ನನ್ನ ಗಂಡ ಭದ್ರನದು ಕೆರೆಯ ತೂಬಿನ ಕೆಲಸ. ತೂಬು ತೆರೆದರೆ ನೀರು ಕಾಲುವೆಗೆ ಇಳಿದು, ಊರನ್ನು ಬಳಸಿ, ತಿರುವು ತಿರುವಾಗಿ ಹೊಲಗಳಿಗೆ ಹೋಗುತ್ತದೆ. ನೀರಿಲ್ಲದ ಹೊತ್ತಿನಲ್ಲಿ ಆ ಕಾಲುವೆಯೇ ಊರಿನ ಅಂಗಳ. ನೇಕಾರರು ಬಣ್ಣ ಹಾಕಿದ ನೂಲನ್ನು ಅದರ ಮರಳಿನಲ್ಲಿ ಒಣಹಾಕುತ್ತಾರೆ, ಹೆಂಗಸರು ಗುಂಡಿಗಳಲ್ಲಿ ನಿಂತ ನೀರಿನಲ್ಲಿ ಬಟ್ಟೆ ಒಗೆಯುತ್ತಾರೆ, ಮಕ್ಕಳು ಆಡುತ್ತಾರೆ, ಎಮ್ಮೆಗಳು ಮಲಗುತ್ತವೆ. ಆದ್ದರಿಂದ ತೂಬು ತೆರೆಯುವ ಮುಂಚೆ ಕೂಗುಬಂಡೆಯ ಮೇಲೆ ನಿಂತು ಒಬ್ಬರು ಕೂಗಬೇಕು. ಪ್ರತಿ ತಿರುವಿನಲ್ಲೂ ಕೇಳಿಸಿಕೊಂಡವರು ಕೋಲಿಗೆ ಬಟ್ಟೆ ಕಟ್ಟಿ ಎತ್ತಬೇಕು. ಕೊನೆಯ ತಿರುವಿನ ಬಟ್ಟೆ ಕಂಡ ಮೇಲೆ ತೂಬಿನ ಚಕ್ರ ತಿರುಗಬೇಕು. ಕೂಗುವವರು ನನ್ನ ಮಾವ ಖಂಡೇರಾಯರು. ಅವರ ಗಂಟಲು ಹಳೆಯ ಗರಗಸ. ಅವರು ಹಿತ್ತಲಿನಲ್ಲಿ ಉಪ್ಪು ಕೇಳಿದರೆ ಆಚೆ ಕೇರಿಯವರು ಉಪ್ಪಿನ ಡಬ್ಬಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಆ ಗಂಟಲಿನೊಳಗೆ ಒಂದು ಗಂಟು ಬೆಳೆದಿತ್ತು. ಅನ್ನ ನುಂಗುವುದು ಕಷ್ಟವಾದ ಮೇಲೆ ಭದ್ರ ಅವರನ್ನು ಹೊರಗಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿನ ವೈದ್ಯರು ಗಂಟು ತೆಗೆದು, ಚೆನ್ನಾಗಿ ಗುಣಮಾಡಿ ಕಳಿಸಿದರು. ಮನೆಗೆ ಬಂದ ಮಾವ ಜಗಲಿಯಲ್ಲಿ ಕೂತು, ಕೆಮ್ಮಿ, "ನೀರು ಕೊಡು" ಎಂದರು. ನಾನು ಅವರ ಕಾಲಿನ ಹತ್ತಿರವೇ ಕಸ ಗುಡಿಸುತ್ತಿದ್ದುದರಿಂದ ಕೇಳಿಸಿತು. ಜೇನು ಸುರಿದಂತಿತ್ತು. ಇಪ್ಪತ್ತರ ಹುಡುಗನೂ ಹಾಗೆ ಮಾತಾಡಲಾರ. ಒಳಮನೆಯಲ್ಲಿದ್ದ ಅತ್ತೆಗೆ ಏನೂ ಕೇಳಿಸಲಿಲ್ಲ.

ಮಾವ ಅದನ್ನು ನಂಬಲಿಲ್ಲ. ಮರುದಿನವೇ ರುಮಾಲು ಸುತ್ತಿ ಕೂಗುಬಂಡೆ ಹತ್ತಿದರು. ಕುತ್ತಿಗೆಯ ನರ ಉಬ್ಬುವವರೆಗೂ ಕೂಗಿದರು. ಒಂದು ಬಟ್ಟೆಯೂ ಮೇಲೇಳಲಿಲ್ಲ. ಬಂಡೆಯ ಮೇಲೆ ಅವರ ಬಾಯಿ ತೆರೆದದ್ದನ್ನು ಕಂಡ ಭದ್ರ, ಬಟ್ಟೆ ಎತ್ತುವವರೇ ಸೋಮಾರಿಗಳಾಗಿದ್ದಾರೆ ಅಂದುಕೊಂಡು ಚಕ್ರ ತಿರುಗಿಸಿಬಿಟ್ಟ. ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಸೊಂಟದವರೆಗೆ ನೆಂದು, ಕೊಚ್ಚಿಹೋಗುವ ಸೀರೆಗಳ ಹಿಂದೆ ಓಡಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಮಾವ ಬಂಡೆಯಿಂದ ಇಳಿದು ಬಂದು ರುಮಾಲನ್ನು ಗೂಟಕ್ಕೆ ಹಾಕಿದರು. ಅಂದಿನಿಂದ ಬಾಯಿ ಬಿಡುವುದನ್ನೇ ನಿಲ್ಲಿಸಿದರು. ಊಟ ಬೇಕಾದರೆ ತಟ್ಟೆ ತಟ್ಟುವರು, ಬೇಡವಾದರೆ ಕೈ ಅಡ್ಡ ಹಿಡಿಯುವರು.

ಅತ್ತೆ ಅವರ ಪಕ್ಕದಲ್ಲಿ ಕೂತು, "ಒಂದ್ ಮಾತ್ ಆಡ್ರಿ. ನನಗರ ಕೇಳಲಿ" ಎಂದು ಎಷ್ಟು ಸಲ ಹೇಳಿದರೂ ಮಾವ ತಲೆ ಅಲ್ಲಾಡಿಸಿ ಗೋಡೆ ನೋಡುತ್ತಿದ್ದರು.

ಕೂಗುವವರಿಲ್ಲದೆ ಊರಿನ ಹಿರಿಯರು ಪೇಚಿಗೆ ಬಿದ್ದರು. ಕೆಮ್ಮಿನ ರೋಗವಿದ್ದ ಒಬ್ಬನನ್ನು ಬಂಡೆ ಹತ್ತಿಸಿದರು. ಅವನಿಗೆ ಕೂಗಿನ ನಡುವೆ ಕೆಮ್ಮು ಬಂದು, ನೀರು ಬಿಡುತ್ತಾರೋ ಬಿಡುವುದಿಲ್ಲವೋ ಎಂದು ಜನ ಅರ್ಧ ದಂಡೆ ಹತ್ತಿ ನಿಂತರು. ಕೊನೆಗೆ ಒಂದು ಬೆಳಗ್ಗೆ ರೊಟ್ಟಿ ತಿನ್ನುತ್ತ ಭದ್ರನೇ ನನಗೆ ಹೇಳಿದ.

"ನಿನ್ನ ಗಿಟಾರ್ ಐತಲ್ಲ."

"ಮುಂದಿನ ಸಾಲಿನ ಅಜ್ಜಿಯರನ್ನು ಬಿಟ್ಟು ಯಾರಿಗೂ ಕೇಳ್ಸಂಗಿಲ್ಲ ಅದು."

"ಜಕರಿಯನ ಅಂಗಡಿಯಾಗ ದನಿ ಒಡಿಯೋ ಪೆಟ್ಟಿಗಿ ಬಂದಾವಂತ. ಕಾಲಾಗ ಒತ್ತಿದ್ರ ಸಾಕಂತ. ನೋಡಿಕೊಂಡರ ಬಾ."

ಜಕರಿಯ ವಾದ್ಯಗಳ ಅಂಗಡಿಯವನು. ನಮ್ಮ ಗೋಷ್ಠಿಯ ಹಾರ್ಮೋನಿಯಮ್ಮಿಗೆ ಸೀಳು ಹಾಕಿಕೊಟ್ಟವನೂ ಅವನೇ. ವಿಷಯ ಕೇಳಿ ಅವನಿಗೆ ಬಹಳ ಹುರುಪು ಬಂತು. ಮೇಜಿನ ಮೇಲಿದ್ದ ತಂತಿ, ತಿರುಪುಗಳನ್ನೆಲ್ಲ ಸರಿಸಿ ಎರಡು ಪೆಡಲ್ ಇಟ್ಟ. ಎರಡೂ ಅಂಗೈ ಅಗಲದ ಕಬ್ಬಿಣದ ಪೆಟ್ಟಿಗೆಗಳು, ಹೊಟ್ಟೆಯಲ್ಲಿ ಒಂದೊಂದು ಬ್ಯಾಟರಿ, ತಲೆಯ ಮೇಲೆ ಮೂರು ಮೂರು ಗುಂಡಿ: ಒಡಕಿಗೆ ಡ್ರೈವ್, ಜೋರಿಗೆ ಲೆವೆಲ್, ಚೂಪಿಗೆ ಟೋನ್. ಒಂದು ಹಸಿರು, ಒಂದು ಕೇಸರಿ.

"ಈ ಹಸಿರಂದು ಓವರ್‌ಡ್ರೈವ್ ನೋಡ್ರಿ ಅಕ್ಕಾ. ಗಂಟಲಿಗೆ ಒಂದೀಟು ಒತ್ತು ಕೊಟ್ಟಂಗ. ನೀವು ತಂತಿ ಮೆತ್ತಗ ಮುಟ್ಟಿದ್ರ ಮೆತ್ತಗ ಮಾತಾಡತೈತಿ, ಗಟ್ಟಿ ಹೊಡದ್ರ ದನಿ ಒಡೀತೈತಿ. ಬಾರಿಸಿದವರು ಯಾರು ಅನ್ನೋದು ಗುರುತು ಉಳೀತೈತಿ. ಈ ಕೇಸರಿದು ಡಿಸ್ಟಾರ್ಷನ್. ಇದಕ್ಕ ನಿಮ್ಮ ಕೈ ಹೆಂಗೈತಿ ಅನ್ನೋದು ಬೇಕಾಗಿಲ್ಲ. ತಂತಿ ಮ್ಯಾಲ ಇರವಿ ನಡದ್ರೂ ಆನಿ ನಡದಂಗ ಕೇಳತೈತಿ."

"ಯಾವುದು ದೂರ ಹೋಗತೈತಿ?"

"ದೂರದ ಮಾತ ಕೇಳಿದ್ರ ಕೇಸರೀದ. ಆದ್ರ ಒಂದ್ ಸಲ ಎರಡೂ ಬಾರಿಸಿ ನೋಡ್ರಿ. ನಾ ಬೀದಿ ತುದಿಗೆ ಹೋಗಿ ನಿಂತು ಕೇಳ್ತೀನಿ."

ಹಸಿರು ಪೆಟ್ಟಿಗೆ ಒತ್ತಿ ಬಾರಿಸಿದೆ. ಗಿಟಾರಿಗೆ ನೆಗಡಿಯಾದಂತೆ ಕೇಳಿಸಿತು. ಕೇಸರಿ ಒತ್ತಿ ಎಲ್ಲ ತಂತಿಗಳ ಮೇಲೆ ಕೈ ಎಳೆದೆ. ಅಂಗಡಿಯ ಗಾಜಿನ ಬೀರು ಗಡಗಡ ನಡುಗಿತು. ಬೀದಿಯ ತುದಿಯಲ್ಲಿ ಜಕರಿಯ ಎರಡೂ ಕೈ ಮೇಲೆತ್ತಿದ್ದು ಕಿಟಕಿಯಿಂದ ಕಂಡಿತು. ಹುಟ್ಟಿದಂದಿನಿಂದ ನನ್ನಿಂದ ಹೊರಟ ಒಂದು ಸದ್ದು ಬೀದಿ ದಾಟಿದ್ದು ಅದೇ ಮೊದಲು. ಅದರ ರುಚಿ ಹತ್ತಿಬಿಟ್ಟಿತು. ಹಸಿರು ಪೆಟ್ಟಿಗೆಯನ್ನು ನಾನು ಮತ್ತೆ ತಿರುಗಿಯೂ ನೋಡಲಿಲ್ಲ. "ಡ್ರೈವ್ ಗುಂಡಿ ಪೂರ್ತಿ ತಿರುವಬ್ಯಾಡ್ರಿ" ಎಂದು ಅವನು ಹೇಳಿದ್ದು ಕೇಳಿಸಿಕೊಂಡೆ, ಮನೆಗೆ ಬಂದು ಪೂರ್ತಿ ತಿರುವಿದೆ.

ಭದ್ರ ತೂಬುಮನೆಯಿಂದ ಕೂಗುಬಂಡೆಗೆ ಕರೆಂಟಿನ ತಂತಿ ಎಳೆದು, ಆಂಪ್ಲಿಫೈಯರನ್ನು ಹೊತ್ತು ತಂದು ಇಟ್ಟುಕೊಟ್ಟ. ನೀರಿನ ಕೂಗು ಕೆಳಗಿನಿಂದ ಎದ್ದು ಮೇಲಕ್ಕೆ ಏರಿ ನಿಲ್ಲುವಂಥದ್ದು. ಯಾರಾದರೂ ಸತ್ತರೆ ಅದೇ ಬಂಡೆಯಿಂದ ಕೂಗುವ ಸಾವಿನ ಕೂಗು ಮೇಲಿನಿಂದ ಹೊರಟು ಇಳಿದು ಇಳಿದು ಕೆಳಗೇ ಉಳಿಯುವಂಥದ್ದು. ಮಾವ ಕೂಗುವುದನ್ನು ಕೇಳಿ ಬೆಳೆದವಳು ನಾನು, ಅವುಗಳ ಏರಿಳಿತ ನನಗೆ ಬಾಯಿಪಾಠ. ಪೆಡಲ್ ಒತ್ತಿ, ನೀರಿನ ಕೂಗನ್ನು ಎಲ್ಲ ತಂತಿಗಳ ಮೇಲೂ ಎಳೆದು ಬಾರಿಸಿದೆ. ತಿರುವಿನಿಂದ ತಿರುವಿಗೆ ಬಟ್ಟೆಗಳು ಎದ್ದವು. ಕೊನೆಯ ತಿರುವಿನದೂ ತಡವಿಲ್ಲದೆ ಎದ್ದಿತು. ಆ ದಿನ ಬೀದಿಯಲ್ಲಿ ಹೋಗುವಾಗ ನನ್ನನ್ನು ಕಂಡವರೆಲ್ಲ ನಕ್ಕು ಹಾದಿ ಬಿಟ್ಟರು. ಮನೆಯಲ್ಲಿ ಮಾವ ಮಾತ್ರ ನನ್ನ ಮುಖ ನೋಡದೆ ಎದ್ದು ಹಿತ್ತಲಿಗೆ ಹೋದರು.

ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ನಾನು ಬಾರಿಸದೆ ಸುಮ್ಮನೆ ನಿಂತಾಗಲೂ ಪೆಡಲ್ ಗುಂಯ್ ಎನ್ನುತ್ತಿತ್ತು. ಆ ಗುಂಯ್ ಕೂಡ ಒರಟು ದನಿಯೇ ಆದ್ದರಿಂದ ಊರೆಲ್ಲ ಹರಡಿ ಎಮ್ಮೆಗಳು ಕಿವಿ ಕೊಡವುತ್ತ ನಿಲ್ಲುತ್ತಿದ್ದವು. ಅದನ್ನು ಜನ ಸಹಿಸಿಕೊಂಡರು. ಆದರೆ ಒಂದು ಬೆಳಗ್ಗೆ ನಾನು ಎಂದಿನಂತೆ ನೀರಿನ ಕೂಗು ಬಾರಿಸಿದರೆ ಒಂದು ಬಟ್ಟೆಯೂ ಏಳಲಿಲ್ಲ. ಏನಾಯಿತೆಂದು ನೋಡಲು ಇಳಿಯುವ ಹೊತ್ತಿಗೆ ಕೆಳಗಿನ ಕೇರಿಯಿಂದ ಜನ ತಲೆ ತಗ್ಗಿಸಿಕೊಂಡು ಮೆರವಣಿಗೆಯಂತೆ ಬರುವುದು ಕಂಡಿತು. ಕೆಲವರ ಕೈಯಲ್ಲಿ ಹೂವಿನ ಹಾರ. ಅವರೆಲ್ಲ ಹೋದದ್ದು ಭರಮಗೌಡರ ಮನೆಗೆ. ಗೌಡರು ಬಹಳ ದಿನದಿಂದ ಹಾಸಿಗೆ ಹಿಡಿದಿದ್ದ ಮುದುಕರು. ಕೇಸರಿಯ ಗದ್ದಲದಲ್ಲಿ ಏರಿಕೆ ಇಳಿತ ಕಲಸಿಹೋಗಿ ಬೆಳಗಿನ ಕೂಗು ಸಾವಿನದು ಎಂದು ಕೇಳಿಸಿದ್ದರಿಂದ, ಇನ್ಯಾರು ಇರಲು ಸಾಧ್ಯ ಎಂದು ಎಲ್ಲರೂ ಅಲ್ಲಿಗೇ ಹೊರಟಿದ್ದರು. ಹೆಂಗಸರು ಹೊಸ್ತಿಲಲ್ಲೇ ಕೂತು ಗೌಡರ ಗುಣಗಳನ್ನು ಎತ್ತಿ ಎತ್ತಿ ಅತ್ತರು. ಅವರು ಅಳುವ ದನಿ ಒಡಕಾಗಿದ್ದುದರಿಂದ ಒಳಗೆ ಮಲಗಿದ್ದ ಗೌಡರಿಗೆ ಒಂದಕ್ಷರ ಬಿಡದೆ ಕೇಳಿಸಿತು. ಅವರು ಗೋಡೆ ಹಿಡಿದುಕೊಂಡು ಎದ್ದು ಬಂದು ಬಾಗಿಲಲ್ಲಿ ನಿಂತರು.

ಓಡಿ ಹೋಗಿ ನಾನು ಕ್ಷಮೆ ಕೇಳಿದೆ. ಗೌಡರು ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು.

"ಕ್ಷಮಾ ಯಾಕ ಬೇಕವ್ವ. ಇಷ್ಟು ಮಂದಿ ಬರ್ತಾರ ಅಂತ ನನಗ ಗೊತ್ತಿರ್ಲಿಲ್ಲ. ಎಲ್ಲಾರಿಗೂ ಚಾ ಮಾಡಸ್ತೀನಿ, ನೀನೂ ಕುಡದ ಹೋಗು."

ಆ ಸಂಜೆಯಿಂದ ಅವರು ಜಗಲಿಯ ಮೇಲೆ ಕೂತು ಊಟ ಮಾಡತೊಡಗಿದರು. ಊರಿನ ಹಿರಿಯರಿಗೆ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. ನಾಳೆ ನೀರಿನ ಕೂಗನ್ನು ಸಾವಿನದು ಎಂದುಕೊಂಡು ಜನ ಕಾಲುವೆಯಲ್ಲೇ ಕೂತರೆ ಏನು ಗತಿ ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಕೇಸರಿ ಪೆಟ್ಟಿಗೆಯನ್ನು ಎತ್ತಿಕೊಂಡು ಜಕರಿಯನ ಅಂಗಡಿಗೆ ಹೋದೆ. ಅವನು ನನ್ನನ್ನು ಬಯ್ಯಲಿಲ್ಲ. ಹಸಿರು ಪೆಟ್ಟಿಗೆಯನ್ನು ಒರೆಸಿ ಕೈಗೆ ಕೊಟ್ಟ.

"ಎರಡೂ ಇಟ್ಟುಕೊಳ್ರಿ. ಯಾವುದು ಒಗ್ಗತೈತಿ ಅಂತ ಕೂಗುಬಂಡಿ ಮ್ಯಾಲ ನಿಂತ ಮ್ಯಾಲೇ ಗೊತ್ತಾಗೋದು."

ಹಸಿರಿನಲ್ಲಿ ಏರಿಕೆ ಏರಿಕೆಯಾಗಿಯೇ ಕೇಳಿಸಿತು, ಇಳಿತ ಇಳಿತವಾಗಿಯೇ. ಆದರೆ ನಡುವಿನ ತಿರುವಿನ ಆಚೆಗೆ ದನಿ ಸತ್ತುಹೋಗುತ್ತಿತ್ತು. ಅಲ್ಲಿಂದ ಮುಂದೆ ಹೊಲದ ಹುಡುಗರು ಓಡಿಹೋಗಿ ಸುದ್ದಿ ಮುಟ್ಟಿಸಬೇಕಾಗುತ್ತಿತ್ತು. ಡ್ರೈವ್ ಏರಿಸಿದೆ, ಇಳಿಸಿದೆ. ಟೋನ್ ತಿರುವಿದರೆ ಸೊಳ್ಳೆಯಂತಾಯಿತು, ಹಿಂದಕ್ಕೆ ತಂದರೆ ಕಂಬಳಿ ಹೊದ್ದಂತಾಯಿತು. ಬೆಳಗ್ಗೆ ಊರಿನ ಕೂಗು ಮುಗಿದ ಮೇಲೂ ಬಂಡೆಯ ಮೇಲೇ ಕೂತು ಗುಂಡಿಗಳನ್ನು ತಿರುವುತ್ತಿದ್ದೆ. ಮದುವೆಮನೆಯ ಮುದುಕಿಯರ ಮುಂದೆ ಹಾಯಾಗಿ ಬಾರಿಸಿಕೊಂಡಿದ್ದವಳಿಗೆ ಈ ಊರಗಲದ ಉಸಾಬರಿ ಯಾಕೆ ಬೇಕಿತ್ತು ಅನ್ನಿಸಿ ಒಂದು ದಿನ ಗಿಟಾರನ್ನು ಚೀಲಕ್ಕೆ ತುಂಬಿ ಸುಮ್ಮನೆ ಕೂತುಬಿಟ್ಟೆ.

ಆಗ ಮಾವ ಬಂಡೆ ಹತ್ತಿ ಬಂದರು. ನನ್ನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತರು. ಕಾಲುವೆಯನ್ನು ನೋಡುತ್ತಲೇ ಬಾಯಿ ತೆರೆದರು.

"ಎಲ್ಲಾ ತಂತಿ ಒಮ್ಮಿಗೇ ಯಾಕ ಬಾರಸ್ತಿ?"

 ಎಷ್ಟು ದಿನಗಳ ಮೇಲೆ ಆಡಿದ ಮಾತು ಅದು. ಎಲ್ಲಿ ಮತ್ತೆ ನಿಲ್ಲಿಸಿಬಿಡುತ್ತಾರೋ ಎಂದು ಹೆದರಿ, ಅವರ ಕಡೆ ತಿರುಗದೆಯೇ ಉತ್ತರ ಕೊಟ್ಟೆ.

"ಜೋರಾಗ್ಲಿ ಅಂತ, ಮಾವಾರ."

"ಜೋರು ಬ್ಯಾರೆ, ಮುಟ್ಟೋದು ಬ್ಯಾರೆ. ನಾ ಒಂದಿನಾನೂ ಪೂರಾ ಗಂಟಲಿಲೆ ಕೂಗಿಲ್ಲ. ಸುರುವಿಗೆ ಸಾದಾ ಬಿಡ್ತಿದ್ದೆ. ಏರಿದ ಮ್ಯಾಲ ತುದ್ಯಾಗ ಮಾತ್ರ ಗಂಟಲ ಹರಕೋತಿದ್ದೆ. ಒಳಗ ಸಾದಾ ದನಿ ಇಲ್ಲಂದ್ರ ಒರಟು ದನಿ ಬರೇ ಗದ್ದಲ. ಮತ್ತ ಒಂದ್ ಕೂಗಿಗೂ ಇನ್ನೊಂದ್ ಕೂಗಿಗೂ ನಡುವ ಜಾಗಾ ಬಿಡಬೇಕು. ನೀ ಉಸರ ಬಿಡೂದೇ ಇಲ್ಲ."

ನಾನು ಚೀಲದಿಂದ ಗಿಟಾರು ತೆಗೆದೆ. ಎರಡೇ ತಂತಿ ಹಿಡಿದೆ, ಒಂದು ಮೂಲ ಸ್ವರ, ಇನ್ನೊಂದು ಅದರ ಪಂಚಮ. ಕೇಸರಿ ಪೆಟ್ಟಿಗೆಯಲ್ಲೂ ಆ ಎರಡು ಒಂದರ ಮೇಲೊಂದು ಬಿದ್ದು ಕಲಸಿಕೊಳ್ಳಲಿಲ್ಲ. ಮಾವ ಪೆಟ್ಟಿಗೆಗಳ ಕಡೆ ಬೆರಳು ತೋರಿಸಿ ಯಾವುದು ಏನು ಎಂದು ಕೇಳಿದರು. ಜಕರಿಯ ಹೇಳಿದ್ದನ್ನೇ ಹೇಳಿದೆ. ಅವರು ಯೋಚಿಸಿ, "ಹಂಗಾರ ಹಸರಂದು ಗಂಟಲು, ಕೇಸರೀದು ಎದಿ. ಗಂಟಲ ಮುಂದ ಇರಲಿ" ಎಂದರು. ಹಸಿರನ್ನು ಮೊದಲು, ಅದರ ಹಿಂದೆ ಕೇಸರಿಯನ್ನು ಜೋಡಿಸಿದೆ. ಹಸಿರಿನ ಡ್ರೈವ್ ಇಳಿಸಿ ಲೆವೆಲ್ ಏರಿಸಿದೆ. ಕೇಸರಿಯ ಒಡಕನ್ನು ಕಾಲುಭಾಗಕ್ಕೆ ತಂದೆ. ಗಿಟಾರಿನ ಮೇಲಿರುವ ದನಿಯ ಗುಂಡಿಯನ್ನು ಕಿರುಬೆರಳಿನಿಂದ ತಗ್ಗಿಸಿ ಹೊರಟು, ಏರುತ್ತ ಏರುತ್ತ ಅದನ್ನೂ ತೆರೆದು, ತುದಿಯಲ್ಲಿ ತಂತಿಯನ್ನು ಗಟ್ಟಿಯಾಗಿ ಹೊಡೆದೆ. ದನಿ ನೀಟಾಗಿ ಹೊರಟು ಕೊನೆಯಲ್ಲಿ ಹರಿಯಿತು.

ಮಾವ ಎದ್ದು ನಿಂತರು. "ನಾ ಕಾಲವಿ ಗುಂಟ ಹೋಗಿ ಕೇಳಕೊಂಡ ಬರ್ತೀನಿ. ನೀ ಬಾರಸ್ತಿರು."

ಅಂದಿನಿಂದ ಅದೇ ಅವರ ಕೆಲಸವಾಯಿತು. ಗೂಟದಲ್ಲಿದ್ದ ರುಮಾಲು ಮತ್ತೆ ತಲೆಗೇರಿತು. ದಿನಾ ಒಂದೊಂದು ತಿರುವಿಗೆ ಹೋಗಿ ನಿಂತು ಕೇಳಿಸಿಕೊಂಡು ಬಂದು, ನನ್ನ ಪಕ್ಕ ಕೂತು ಹೇಳುವರು. ಹುಣಸೆಮರದ ತಿರುವಿನಲ್ಲಿ ಏರಿಕೆ ಮಸುಕಾಗಿತ್ತು, ಬಣ್ಣದವರ ತಿರುವಿನಲ್ಲಿ ಚೆನ್ನಾಗಿತ್ತು, ಟೋನನ್ನು ಒಂದು ಕೂದಲೆಳೆ ಹಿಂದಕ್ಕೆ ತಿರುವು. ದಾರಿಯಲ್ಲಿ ಜನ ಅವರನ್ನು ಮಾತಾಡಿಸಲು ಹತ್ತಿರ ಬರಬೇಕಾಗುತ್ತಿತ್ತು. ಮೊದಲು ಅವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿದ್ದುದರಿಂದ ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಈಗ ಅವರ ಹೆಗಲ ಮೇಲೆ ಕೈಯಿಟ್ಟು, ತಲೆ ಬಗ್ಗಿಸಿ ಕೇಳುತ್ತಿದ್ದರು. ಭರಮಗೌಡರಂತೂ ಅವರನ್ನು ತಮ್ಮ ಜಗಲಿಯಲ್ಲಿ ಮಧ್ಯಾಹ್ನದವರೆಗೆ ಕೂರಿಸಿಕೊಳ್ಳುತ್ತಿದ್ದರು. ಮನೆಯಲ್ಲಿ ಅತ್ತೆಯ ಜೊತೆಗೂ ಮಾವ ಅಡುಗೆ, ಎಮ್ಮೆ, ಬೇಲಿ ಎಂದು ನಾಲ್ಕು ಮಾತು ಆಡತೊಡಗಿದ್ದರು.

ಒಂದು ದಿನ ಅವರೆಕಾಯಿ ಸುಲಿಯುತ್ತ ಅತ್ತೆ ನನ್ನ ಹತ್ತಿರ ಸರಿದು ಹೇಳಿದರು.

"ನನ್ನ ಮದುವ್ಯಾಗಿ ಇಷ್ಟ ವರ್ಷ ಆತು. ನನಗಂತ ಒಂದ್ ಮಾತ ಆಡಿಲ್ಲ ನೋಡು ಈ ಮನಶಾ. ಆಡಿದ್ರ ಓಣಿ ತುಂಬ ಕೇಳತಿತ್ತಲ್ಲ, ಹೆಂಗ ಆಡ್ತಾರ. ನಾನೂ ಕೇಳಾಕ ಹೋಗ್ಲಿಲ್ಲ."

 ಆಮೇಲೆ ಸಿಪ್ಪೆಯನ್ನೆಲ್ಲ ಮೊರಕ್ಕೆ ತುಂಬಿಕೊಂಡು ಎಮ್ಮೆಗೆ ಹಾಕಲು ಹೋದರು.

ಮೇಲಿನ ಗುಡ್ಡಗಳಲ್ಲಿ ದೊಡ್ಡ ಮಳೆಯಾದದ್ದು ನಮ್ಮ ಊರಿಗೆ ಗೊತ್ತಾಗಲಿಲ್ಲ. ಇಲ್ಲಿ ಬಿಸಿಲು ಹೊಡೆಯುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಭದ್ರ ಓಡುತ್ತ ಬಂದು ಹೊಸ್ತಿಲಲ್ಲೇ ನಿಂತ.

"ಕೆರಿ ನೀರು ಕಟ್ಟಿ ಮಟ್ಟಕ್ಕ ಬಂದೈತಿ. ತೂಬು ಪೂರಾ ಈಗಿಂದೀಗ ತಗೀಬೇಕು. ಇಲ್ಲಂದ್ರ ಕಟ್ಟಿ ಒಡೀತೈತಿ. ಕೂಗುಬಂಡಿ ಹತ್ತು."

ನಾನು ಕೈ ತೊಳೆಯದೆ ಓಡಿದೆ. ಬಂಡೆಯ ಮೇಲಿನಿಂದ ನೋಡಿದರೆ ಕಾಲುವೆಯುದ್ದಕ್ಕೂ ಜನ. ಹಬ್ಬಕ್ಕೆಂದು ನೇಕಾರರು ಹಾಕಿದ ನೂಲು ಕೆಂಪಗೆ, ನೀಲಿಯಾಗಿ ಮರಳಿನ ತುಂಬ ಹರಡಿತ್ತು. ಕೊನೆಯ ತಿರುವು ಅಷ್ಟು ದೂರದಿಂದ ಮಸುಕಾಗಿ ಕಾಣುತ್ತಿತ್ತು. ಮಾವ ಆ ದಿನ ಕೇಳಿಸಿಕೊಳ್ಳಲು ಹೋದದ್ದು ಅಲ್ಲಿಗೇ. ಒಗೆಯುವ ಬಟ್ಟೆಗಳ ಗಂಟು ಹೊತ್ತು ಅತ್ತೆಯೂ ಜೊತೆಗೆ ಹೋಗಿದ್ದರು, ಇಬ್ಬರೂ ಇನ್ನೂ ಮರಳಿರಲಿಲ್ಲ.

ದಿನದ ನೀರಿನ ಕೂಗು ಬಾರಿಸಿದರೆ ಆಗುತ್ತಿರಲಿಲ್ಲ. ಅದನ್ನು ಕೇಳಿದರೆ ಜನ ನಿಧಾನಕ್ಕೆ ನೂಲು ಸುತ್ತಿಕೊಂಡು, ಬಟ್ಟೆ ಹಿಂಡಿಕೊಂಡು ಮೇಲೆ ಬರುತ್ತಾರೆ. ದಿನದ ನೀರು ಮೊದಲು ಕಣಕಾಲಿಗೆ ಬಂದು ಆಮೇಲೆ ಏರುತ್ತದೆ. ಇದು ಗೋಡೆಯಂತೆ ಬರುವ ನೀರು. ಅದಕ್ಕೆ ಬೇರೆಯೇ ಒಂದು ಕೂಗು ಇದೆಯೆಂದು ಮಾವ ನನಗೆ ಹೇಳಿದ್ದರು. ಅವರು ಅದನ್ನು ಕೂಗಿದವರಲ್ಲ, ಸಣ್ಣವರಿದ್ದಾಗ ಅವರ ಅಪ್ಪ ಕೂಗಿದ್ದನ್ನು ಕೇಳಿದ್ದವರು. ಏರಬೇಕು, ಅರ್ಧಕ್ಕೆ ಮುರಿಯಬೇಕು, ಕೆಳಗೆ ಬೀಳಬೇಕು, ಬಿದ್ದಲ್ಲಿಂದ ಒಂದೇ ಉಸಿರಿಗೆ ಮತ್ತೆ ತುದಿಗೆ ಏರಬೇಕು. ನಾನು ಅದನ್ನು ಪೆಡಲ್ ಇಲ್ಲದೆ ಮನೆಯಲ್ಲಿ ಬಾರಿಸಿ ನೋಡಿದ್ದೆ, ಅಷ್ಟೇ.

ಎರಡೂ ಪೆಟ್ಟಿಗೆಗಳನ್ನು ಒತ್ತಿ ಮೊದಲ ಸಲ ಏರಿದೆ, ಮುರಿದೆ, ಬಿದ್ದೆ. ಎರಡನೆಯ ಏರಿಕೆಯ ನಡುವಿನಲ್ಲಿ ದನಿ ಬಿಕ್ಕಿ ಬಿಕ್ಕಿ ಕುಗ್ಗಿ ನಿಂತುಹೋಯಿತು. ಕೇಸರಿ ಪೆಟ್ಟಿಗೆಯ ಬ್ಯಾಟರಿ ಮುಗಿದಿತ್ತು. ಹತ್ತಿರದ ಒಂದೆರಡು ತಿರುವುಗಳಲ್ಲಿ ಜನ ತಲೆಯೆತ್ತಿ ಬಂಡೆಯ ಕಡೆ ನೋಡಿದರು, ಯಾರೂ ಕದಲಲಿಲ್ಲ. ತೂಬಿನ ಹತ್ತಿರ ಭದ್ರ ಚಕ್ರದ ಮೇಲೆ ಎರಡೂ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ಅವನ ಹಿಂದೆ ಕೆರೆಯ ನೀರು ಕಟ್ಟೆಯ ಕಲ್ಲಿನ ಮೇಲೆ ಅಲ್ಲಲ್ಲಿ ಒಸರತೊಡಗಿತ್ತು.

ಕೇಸರಿಯನ್ನು ಕಿತ್ತು ಬದಿಗೆ ಎಸೆದು ಹಸಿರನ್ನು ನೇರವಾಗಿ ಆಂಪ್ಲಿಫೈಯರಿಗೆ ಸಿಕ್ಕಿಸಿದೆ. ನಡುವಿನ ತಿರುವು ದಾಟದ ಪೆಟ್ಟಿಗೆ ಅದು. ಆದರೆ ಅದು ಕೈಯ ಮಾತು ಕೇಳುವ ಪೆಟ್ಟಿಗೆಯೂ ಹೌದು. ಡ್ರೈವ್ ಗುಂಡಿಯನ್ನು ಕೊನೆಯವರೆಗೆ ತಿರುವಿದೆ, ಲೆವೆಲ್ಲನ್ನೂ. ತಂತಿಗಳನ್ನು ನಡುವಿನಲ್ಲಿ ಹೊಡೆಯುವುದು ಬಿಟ್ಟು ಗಿಟಾರಿನ ಬುಡದ ಹತ್ತಿರ, ಅವು ಬಿಗಿಯಾಗಿರುವ ಕಡೆ ಹೊಡೆದೆ. ಮುದುಕಿಯರಿಗಾಗಿ ಬಾರಿಸಿ ಬಾರಿಸಿ ಮೆತ್ತಗಾಗಿದ್ದ ಕೈ ಅದು. ಅಷ್ಟು ಗಟ್ಟಿಯಾಗಿ ಹೊಡೆಯಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಎರಡೇ ತಂತಿ. ಏರಿಕೆ, ಮುರಿತ, ಬೀಳು, ಮತ್ತೆ ಏರಿಕೆ. ಉಸಿರು ಬಿಟ್ಟೆ. ಮತ್ತೊಮ್ಮೆ. ಹೆಬ್ಬೆರಳಿನ ಚರ್ಮ ಕಿತ್ತು ರಕ್ತ ತಂತಿಗೆ ತಾಗಿತು. ಆ ಹಳೆಯ ಕೂಗು ನೆನಪಿದ್ದ ಮುದುಕರು ಜನರನ್ನು ದಂಡೆ ಹತ್ತಿಸುವುದು ಕಂಡಿತು. ನಡುವಿನ ತಿರುವಿನ ಬಟ್ಟೆ ಎದ್ದಿತು. ಬಣ್ಣದವರ ತಿರುವಿನಲ್ಲೂ ಎದ್ದಿತು. ಕೊನೆಯ ತಿರುವಿನಲ್ಲಿ ಏನೂ ಕಾಣಲಿಲ್ಲ.

ಅಲ್ಲಿ ಏನಾಯಿತೆಂದು ಅತ್ತೆ ಆಮೇಲೆ ಹೇಳಿದರು. ಮಾವ ದಂಡೆಯ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದರಂತೆ. ಅತ್ತೆ ಮತ್ತು ದಾಕ್ಷಾಯಣವ್ವ ಎಂಬ ನೇಕಾರರ ಹೆಂಗಸು ಕೆಳಗೆ ಗುಂಡಿಯಲ್ಲಿ ನಿಂತಿದ್ದರು. ಗಿಟಾರಿನ ದನಿ ಬಹಳ ಸಣ್ಣದಾಗಿ ಬಂತು. ಎಲ್ಲರಿಗೂ ಕೇಳಿಸಿತು, ಮಾವನನ್ನು ಬಿಟ್ಟು ಅಲ್ಲಿ ಯಾರಿಗೂ ಅದರ ಅರ್ಥ ಗೊತ್ತಿರಲಿಲ್ಲ. "ನಿಮ್ಮ ಸೊಸಿ ಹೊಸಾ ಹಾಡು ಕಲಿಯಾಕತ್ತಾಳೇನ" ಎಂದು ದಾಕ್ಷಾಯಣವ್ವ ನಕ್ಕಳು. ಮಾವನ ಕೈಯಿಂದ ಬೀಡಿ ಬಿತ್ತು. ಅವರು ಬಟ್ಟೆಬರೆ ಸಮೇತ ಗುಂಡಿಗೆ ಧುಮುಕಿ ದಾಕ್ಷಾಯಣವ್ವನ ಕಿವಿಗೆ ಬಾಯಿಟ್ಟು, "ದೊಡ್ಡ ನೀರು. ನೂಲು ಬಿಡ್ರಿ, ಎಲ್ಲಾರೂ ದಂಡಿ ಹತ್ರಿ ಅಂತ ಕೂಗು" ಎಂದರು. ದಾಕ್ಷಾಯಣವ್ವನದು ಬಿರುಕು ಬಿಟ್ಟ ಹಂಡೆಯಂಥ ಗಂಟಲು. ಅವಳು ಒಮ್ಮೆ ಕೂಗಿದಳು. ಆ ತಿರುವೇ ಎದ್ದು ಓಡಿತು. ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು, ಎಮ್ಮೆಗಳ ಬಾಲ ತಿರುಚಿ, ನೂಲನ್ನು ಹಾಗೆಯೇ ಬಿಟ್ಟು ಜನ ಮೇಲೇರಿದರು. ಮಾವ ಅತ್ತೆಯ ರಟ್ಟೆ ಹಿಡಿದು ದಂಡೆಗೆ ಎಳೆದುಕೊಂಡು, ತಲೆಯ ರುಮಾಲು ಬಿಚ್ಚಿ ಕೋಲಿಗೆ ಕಟ್ಟಿದರು.

ನನಗೆ ಬಂಡೆಯ ಮೇಲಿನಿಂದ ಆ ರುಮಾಲು ಕಂಡಿತು. ಭದ್ರ ಚಕ್ರ ತಿರುಗಿಸಿದ. ನೀರು ಕೆಂಪಾಗಿ ಎದ್ದು ನಿಂತು ಕಾಲುವೆಯ ಅಗಲಕ್ಕೂ ಓಡಿತು. ನೂಲೆಲ್ಲ ಬಣ್ಣಬಣ್ಣದ ಹಗ್ಗವಾಗಿ ತೇಲಿಹೋಯಿತು, ಯಾರದೋ ತಾಮ್ರದ ಕೊಡ ಹೋಯಿತು. ಜನರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಕಟ್ಟೆ ನಿಂತಿತು. ನಾನು ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೆರಳನ್ನು ಬಾಯಲ್ಲಿಟ್ಟುಕೊಂಡು ಅಲ್ಲೇ ಕೂತೆ. 

ಕಳೆದುಹೋದ ನೂಲಿಗಾಗಿ ಊರೆಲ್ಲ ಸೇರಿ ನೇಕಾರರ ಜೊತೆ ಕೂತು ಮತ್ತೆ ನೂತಿತು. ಕೂಗುಬಂಡೆಯ ಕೆಲಸ ನನ್ನದೆಂದು ಹಿರಿಯರು ಗಟ್ಟಿ ಮಾಡಿದರು. ಆಮೇಲೆ ಅವರಲ್ಲೇ ಒಬ್ಬರಿಗೆ ಒಂದು ಯೋಚನೆ ಬಂತು. ಗಿಟಾರಿನ ದನಿಯನ್ನು ಒಡೆಯುವ ಪೆಟ್ಟಿಗೆ ಮನುಷ್ಯನ ದನಿಯನ್ನೂ ಒಡೆಯಬಾರದೇಕೆ? ಖಂಡೇರಾಯರಿಗೆ ಅವರ ದನಿ ವಾಪಸು ಸಿಕ್ಕಂತಾಗುತ್ತದೆ. ಜಕರಿಯ ಆಗದೇ ಏನು ಎಂದ. ಹಬ್ಬದ ಬೆಳಗ್ಗೆ ಮೈಕು ತಂದು, ಕೇಸರಿ ಪೆಟ್ಟಿಗೆಗೆ ಹೊಸ ಬ್ಯಾಟರಿ ಹಾಕಿ, ಬಂಡೆಯ ಮೇಲೆ ಎಲ್ಲ ಜೋಡಿಸಿದ. ಮೈಕಿಗೆ ತಾನೇ ಒಮ್ಮೆ ಕೆಮ್ಮಿ ನೋಡಿದ. ಕೆರೆಯ ಆಚೆಯ ಕೊಕ್ಕರೆಗಳು ಹಾರಿದವು. ಜನ ಬಂಡೆಯ ಸುತ್ತ ನೆರೆದರು. ಭರಮಗೌಡರು ಕುರ್ಚಿ ತರಿಸಿಕೊಂಡು ಮುಂದೆ ಕೂತರು. ಕೊನೆಯ ತಿರುವಿನವರು ಅಲ್ಲೇ ದಂಡೆಯ ಮೇಲೆ ನಿಂತು ಕಾಯುತ್ತಿದ್ದರು. ಹಳೆಯ ದನಿಯನ್ನು ಮತ್ತೊಮ್ಮೆ ಕೇಳುವ ಆಸೆ ಎಲ್ಲರಿಗೂ ಇತ್ತು.

ಮಾವ ಅತ್ತೆಯ ಕೈ ಹಿಡಿದುಕೊಂಡು ಬಂಡೆ ಹತ್ತಿದರು. ಹೊಸ ಧೋತರ ಉಟ್ಟಿದ್ದರು. ಮೈಕಿನ ಮುಂದೆ ನಿಂತರು. ನಾನು ಪೆಡಲ್ ಒತ್ತಲು ಕಾಲು ಮುಂದಿಟ್ಟೆ. ಅವರು ನನ್ನ ಕಡೆ ನೋಡಿ, ಬೇಡ ಎಂದು ಕೈ ಅಡ್ಡ ಹಿಡಿದರು. ಮೈಕನ್ನು ಹಿಡಿದು ನಿಧಾನವಾಗಿ ಆಚೆ ತಿರುಗಿಸಿದರು. ಆಮೇಲೆ ಅತ್ತೆಯ ಕಡೆ ಬಗ್ಗಿ ಏನೋ ಹೇಳಿದರು. ಒಂದು ಮಾತಲ್ಲ, ಸ್ವಲ್ಪ ಉದ್ದವಾಗಿಯೇ ಹೇಳಿದರು. ಊರಿಗೆ ಊರೇ ನೋಡುತ್ತ ನಿಂತಿತ್ತು, ಯಾರಿಗೂ ಒಂದಕ್ಷರ ಕೇಳಿಸಲಿಲ್ಲ. ಅಲ್ಲೇ ಇದ್ದ ನನಗೂ ಇಲ್ಲ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೇನೋ ಅಂದುಕೊಂಡು ಗಾಬರಿಯಿಂದ ಹತ್ತಿರ ಹೋದೆ. ನಗುತ್ತಿದ್ದರು.

"ಏನಂದ್ರು ಅತ್ತ್ಯಾರ?" ಎಂದು ಕೇಳಿದೆ.

"ನಿನಗ್ಯಾಕವ್ವ" ಎಂದರು ಅತ್ತೆ. "ನೀ ನಿನ್ನ ಗಿಟಾರ್ ಬಾರಸು."